ನನ್ನನ್ನ ಯಾವ ಸಾಲಿಗೆ ಸೇರಿಸಿದ್ರಿ?

"ಉಸಿರು ಮೆಲ್ಲಗೆ ಬಿಡಿ! ಅದೂ ರೆಕಾರ್ಡ್ ಆಗ್ತಿದೆ!"

ಮೊದಲ ಭೇಟಿಯಲ್ಲೇ ಅವಳು ಹೀಗೆ ಸಿಡುಕಿದ್ದಳು. ಎದುರು ಕೂತಿದ್ದ ದೋಣಿ ಕಟ್ಟುವವನು ತಲೆಯೆತ್ತಿ ಅವಳನ್ನೇ ನೋಡಿದ... ಅವಳ ಎದೆ ಧಸಕ್ಕೆಂದಿತು!

ಅವನ ಮನೆಮಾತು ಆಡುವವರು ಉಳಿದಿದ್ದು ಇಬ್ಬರೇ, ಅವನು ಮತ್ತು ಅವನ ಸೋದರತ್ತೆ. ಆ ಮಾತನ್ನು ಧ್ವನಿಮುದ್ರಿಸಿ ನಿಘಂಟಿಗೆ ಸೇರಿಸುವುದು ಅವಳ ಕೆಲಸ. ಆ ಭಾಷೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಜೀವವಿರುವುದು ಒಂದು ಸಾಲು, ಇಲ್ಲದ್ದು ಇನ್ನೊಂದು ಸಾಲು, ಅಷ್ಟೇ.

"ಮರ?"

"ಜೀವ."

"ಹಲಗೆ?"

"ಜಡ."

"ದೋಣಿ?"

"ನೀರಿಗೆ ಇಳಿಯೋವರೆಗೂ ಜಡ. ಇಳಿದ್ಮೇಲೆ ಜೀವ! ನಮ್ಮಪ್ಪ ಮೊದಲ ದೋಣಿ ಕಟ್ಟಿದಾಗ..."

"ಕಥೆ ಬೇಡ. ಪದ ಸಾಕು."

ಬಂದ ನಗುವನ್ನು ನುಂಗಿ ಅವಳು ಬೆರಳೆತ್ತಿದಳು. ಮುಂದಿನ ಪದ ಎಂದು ಅದರರ್ಥ. ಧ್ವನಿಮುದ್ರಣದಲ್ಲಿ ತನ್ನ ನಗು ಬೆರೆಯಬಾರದಲ್ಲ!

ಕಚೇರಿಯವರು ಅವಳನ್ನು ಮೌನಗೌರಿ ಎಂದು ರೇಗಿಸುತ್ತಿದ್ದರು. ಮನೆಯಲ್ಲಾದರೂ ಮಾತಿಗೆ ಯಾರಿದ್ದಾರೆ? ಅಮ್ಮ ಹೋದ ಮೇಲೆ ಆ ಎರಡು ಕೋಣೆಗಳಲ್ಲಿ ಕುಕ್ಕರ್ ಕೂಗಿದ್ದೇ ಮಾತು. ಅದಕ್ಕೇ ಸಂಜೆ ಎಲ್ಲರೂ ಹೊರಟ ಮೇಲೆ ಹೆಡ್‌ಫೋನ್ ಹಾಕಿಕೊಂಡು ಅವನ ದನಿ ಕೇಳುತ್ತಾ ಕೂರುತ್ತಿದ್ದಳು, ಪಾಪ!

ಒಂದು ದಿನ ಅವನು ಕೆಲಸದ ನಡುವೆಯೇ ಎದ್ದು ನಿಂತ.

"ನಾಳೆಯಿಂದ ನಾನು ಬರಲ್ಲ ಮೇಡಂ."

"ಯಾಕೆ? ಇನ್ನೂ ಪದಗಳಿದ್ದಾವೆ..."

"ನಿಮಗೆ ಅಷ್ಟೇ ತಾನೇ ಬೇಕಾಗಿರೋದು? ಹೋದ ವಾರ 'ಅತ್ತೆ' ಅನ್ನೋ ಪದ ಕೇಳಿದ್ರಿ. ನಮ್ಮತ್ತೆ ತೀರಿಕೊಂಡ್ರು ಅಂದೆ. ನೀವು ಬೆರಳೆತ್ತಿದ್ರಿ! ನಾನು ಮನುಷ್ಯನೋ, ಪದ ತುಂಬಿದ ಡಬ್ಬಿಯೋ? ನನ್ನನ್ನ ಯಾವ ಸಾಲಿಗೆ ಸೇರಿಸಿದ್ರಿ?"

ಅವನು ಬಾಗಿಲತ್ತ ನಡೆದ. 'ಈಗಲೂ ಸುಮ್ಮನಿದ್ದರೆ ಇವನು ಹೋಗಿಯೇಬಿಡುತ್ತಾನೆ...'

"ಬಾಯಿ ಬಿಟ್ಟಿದ್ರೆ ಅತ್ತುಬಿಡ್ತಿದ್ದೆ! ರೆಕಾರ್ಡಲ್ಲಿ ನಿಮ್ಮ 'ಅತ್ತೆ' ಅನ್ನೋ ಪದದ ಪಕ್ಕ ನನ್ನ ಅಳು ಸೇರಬಾರದು ಅಂತ ಬೆರಳೆತ್ತಿದೆ..."

ಅವನು ಬಾಗಿಲ ಬಳಿ ನಿಂತ. ತಿರುಗಲಿಲ್ಲ.

ಆಗ ಅವಳು ಅವನ ಭಾಷೆಯಲ್ಲಿ, ಸಂಜೆಗಳಲ್ಲಿ ಹೆಕ್ಕಿಕೊಂಡ ಪದಗಳನ್ನು ತಡವರಿಸುತ್ತಾ ಜೋಡಿಸಿ ಕೇಳಿದಳು:

"ಊಟ ಆಯ್ತಾ?"

ಅತ್ತೆ ಹೋದ ಮೇಲೆ ಆ ಮಾತಿನಲ್ಲಿ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಅವಳ ಉಚ್ಚಾರಣೆ ತಪ್ಪಿತ್ತು. ಅವನು ತಿದ್ದಲಿಲ್ಲ. ಗೋಡೆಗೆ ಕೈಯೂರಿ ಮಗುವಿನಂತೆ ಅತ್ತುಬಿಟ್ಟ.

"ಇಲ್ಲ..." ಎಂದ, ತನ್ನ ಭಾಷೆಯಲ್ಲೇ. "ಇನ್ನೂ ಆಗಿಲ್ಲ."

"ನನಗೆ ಬೇಕಾಗಿರೋದು ಪದ ಅಲ್ಲ, ನೀವು. ಇದನ್ನ ನಿಮ್ಮ ಭಾಷೇಲಿ ಹೇಳೋಕೆ ನನಗೆ ಬರಲ್ಲ..."

ಅವನು ಕಣ್ಣೊರೆಸಿಕೊಂಡು ಹತ್ತಿರ ಬಂದ.

"ಮೊದಲು ಊಟ ಮಾಡೋಣ. ಆಮೇಲೆ ಹೇಳಿಕೊಡ್ತೀನಿ."