ನಾಲ್ಕು ಗಂಟೆಗೆ ಬಿಚ್ಚುವ ಬುಟ್ಟಿ

ಪಾರ್ಕಿನವರು ಅಜ್ಜಿಯ ಕನ್ನಡಕ ತೆಗೆಸಿದ್ದರು. ಬೆಳಿಗ್ಗೆ ಅದನ್ನು ಆಫೀಸಿನ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಸಂಜೆ ಮನೆಗೆ ಹೊರಡುವಾಗ ವಾಪಸ್ ಕೊಡುತ್ತಿದ್ದರು.

ಹೀಗೆ ಐದು ದಿನ ನಡೆದಿತ್ತು. ಗಿರಗಿಟ್ಲೆಗೆ ಗೊತ್ತಾದದ್ದು ಆರನೆಯ ದಿನ, ಸ್ಕೂಲ್ ಟೂರಿನಲ್ಲಿ, ಇಡೀ ಐದನೇ ಕ್ಲಾಸು ಪಕ್ಕದಲ್ಲೇ ನಿಂತಿದ್ದಾಗ.

"ಏ ಗಿರಗಿಟ್ಲೆ, ನಮ್ಮಜ್ಜಿ ಇಲ್ಲಿ ಆಫೀಸರ್ ಅಂತಿದ್ದೆ?" ಕ್ಲಾಸ್ ಲೀಡರ್ ಕಿಸಕ್ಕನೆ ನಕ್ಕ. "ತಲೇಲಿ ಕೋಳಿಪುಕ್ಕ ಸಿಕ್ಕಿಸ್ಕೊಂಡಿರೋ ಆಫೀಸರ್ರಾ?"

ಗಿರಗಿಟ್ಲೆ ಕೂತಲ್ಲಿ ಕೂರುವ ಹುಡುಗಿಯಲ್ಲ. ಅದಕ್ಕೇ ಆ ಅಡ್ಡಹೆಸರು. ಆದರೆ ಈಗ ಕಾಲಿಗೆ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿದ್ದಳು.

ಅದು ಒಂದೇ ದಿನದಲ್ಲಿ ಲೋಕ ಸುತ್ತಿಸುವ ಪಾರ್ಕು. ಹಿಮದ ದೇಶದಲ್ಲಿ ಥರ್ಮೋಕೋಲಿನ ಹಿಮ. ಮರಳಿನ ದೇಶದಲ್ಲಿ ಸ್ವಿಚ್ ಒತ್ತಿದರೆ ತಲೆ ಅಲ್ಲಾಡಿಸುವ ಫೈಬರ್ ಒಂಟೆ. ಕೊನೆಯದು ಬುಟ್ಟಿಯ ದೇಶ. ಅಜ್ಜಿಯ ದೇಶ. ಗಿರಗಿಟ್ಲೆ ಹುಟ್ಟುವ ಮೊದಲೇ ಅಜ್ಜಿ, ಅಮ್ಮ ಇಬ್ಬರೂ ಅದನ್ನು ಬಿಟ್ಟು ಇಲ್ಲಿಗೆ ಬಂದಿದ್ದರು.

ಪ್ಲಾಸ್ಟಿಕ್ ಹುಲ್ಲು ಹೊದಿಸಿದ ಗುಡಿಸಲು. ಪ್ಲಾಸ್ಟಿಕ್ ಮರದೊಳಗಿನ ಸ್ಪೀಕರಿನಿಂದ ಡಬಡಬ ಡೋಲಿನ ಸದ್ದು. ಮುಂದೆ ಅಡ್ಡ ಕಟ್ಟಿದ ಹಗ್ಗ. ಹಗ್ಗದ ಆಚೆ ನೆಲದ ಮೇಲೆ, ಕೊರಳು ತುಂಬ ಬಣ್ಣದ ಮಣಿಸರ ಹಾಕಿಕೊಂಡು, ಅಜ್ಜಿ ಬೆತ್ತದ ಬುಟ್ಟಿ ಹೆಣೆಯುತ್ತಿದ್ದಳು. ಅವಳು ಮಣಿಸರ ಹಾಕಿದ್ದನ್ನು ಮನೆಯಲ್ಲಿ ಯಾರೂ ಒಂದು ದಿನವೂ ಕಂಡಿರಲಿಲ್ಲ.

"ಮಕ್ಕಳೇ, ಎಲ್ರೂ ಆ ಬೋರ್ಡ್ ನೋಡ್ಕೊಂಡು ನಾಲ್ಕು ವಾಕ್ಯ ಬರ್ಕೊಳ್ಳಿ," ಎಂದರು ಟೀಚರ್, ವಾಚು ನೋಡುತ್ತ. "ಬೇಗ ಬೇಗ! ಬಸ್ಸಿಗೆ ಹೊತ್ತಾಯ್ತು."

ಪೆನ್ಸಿಲ್ಲುಗಳು ಸರಸರ ಓಡಿದವು. ಗಿರಗಿಟ್ಲೆ ಬೋರ್ಡು ಓದಿದಳು. ಅವಳ ಮೈಯೆಲ್ಲ ಉರಿಯಿತು.

ಅಜ್ಜಿಯ ದೇಶ ಅವಳಿಗೆ ಬಾಯಿಪಾಠ. ಅಜ್ಜಿ ಅದೆಷ್ಟು ಸಲ ಹೇಳಿರಲಿಲ್ಲ! ದೊಡ್ಡ ಬೀದಿಯ ಸೈಕಲ್ ಶಾಪಿನ ಮೇಲಿನ ಮಹಡಿ. ನಾಲ್ಕು ಟ್ಯೂಬ್‌ಲೈಟು. ಒಂದೇ ಒಂದು ಫ್ಯಾನು. ಹನ್ನೆರಡು ಹೆಂಗಸರು. ಹನ್ನೊಂದು ಜನ ಬುಟ್ಟಿ ಹೆಣೆಯುವಾಗ ಒಬ್ಬಳು ಗಟ್ಟಿಯಾಗಿ ಪೇಪರ್ ಓದಬೇಕು. ಓದುವವಳ ಪಾಲಿನ ಬುಟ್ಟಿಯನ್ನು ಉಳಿದವರು ಸೇರಿ ಹೆಣೆದುಕೊಡಬೇಕು. ದಿನಕ್ಕೊಬ್ಬಳ ಸರದಿ. ಅಜ್ಜಿಯ ಸರದಿ ಬಂದರೆ ಎಲ್ಲರಿಗೂ ಖುಷಿ. ಮಂತ್ರಿಗಳ ಭಾಷಣವನ್ನೆಲ್ಲ ಅವಳು ಮೂಗಿನಲ್ಲಿ ಓದುತ್ತಿದ್ದಳಂತೆ!

ಲೀಡರ್ ಮೊಣಕೈಯಿಂದ ತಿವಿದ. "ನಿಮ್ಮಜ್ಜಿಗೆ ಓದೋಕೇ ಬರಲ್ವಂತಲ್ಲೇ. ಬೋರ್ಡಲ್ಲೇ ಹಾಕಿದ್ದಾರೆ ನೋಡು."

ಗಿರಗಿಟ್ಲೆ ಬಗ್ಗಿ ಹಗ್ಗದಡಿ ನುಸುಳಿದಳು.

"ಏಯ್! ಹಗ್ಗ ದಾಟ್ಬಾರ್ದು!" ಟೀಚರ್ ಕೂಗಿದರು. ಅಷ್ಟರಲ್ಲಿ ಅವಳು ಅಜ್ಜಿಯ ಮಗ್ಗುಲಿಗೆ ಹೋಗಿ ಕುಳಿತಾಗಿತ್ತು.

"ಅಜ್ಜಿ, ಕನ್ನಡಕ ಎಲ್ಲಿ?"

"ಓ, ನೀನಾ? ಹತ್ರ ಬರೋವರೆಗೂ ಗುರ್ತೇ ಸಿಗ್ಲಿಲ್ಲ ನೋಡು." ಅಜ್ಜಿ ಕಣ್ಣು ಕಿರಿದು ಮಾಡಿದಳು. "ಕನ್ನಡಕ ಡ್ರಾಯರಲ್ಲಿದೆ. ನಮ್ಮ ದೇಶದೋರು ಕನ್ನಡಕ ಹಾಕಲ್ವಂತೆ ಕಣೇ. ನಂಗೂ ಇಲ್ಲಿಗೆ ಬಂದ್ಮೇಲೇ ಗೊತ್ತಾಗಿದ್ದು."

"ಮತ್ತೆ ಆ ಬೋರ್ಡು? ಅದನ್ನೂ ಓದಿಲ್ವಾ?"

"ಹೇಗೆ ಓದ್ಲಿ? ಇರುವೆ ಸಾಲು ಹೋದ ಹಾಗೆ ಕಾಣುತ್ತೆ. ನೀನೇ ಓದು, ಕೇಳೋಣ. ಗಟ್ಟಿಯಾಗಿ."

ಗಿರಗಿಟ್ಲೆ ಓದಿದಳು. "ಈ ದೇಶದ ಜನ ಗುಡಿಸಲಿನಲ್ಲಿ ವಾಸಿಸುತ್ತಾರೆ. ಗರಿ ಮತ್ತು ಮಣಿಸರ ಧರಿಸುತ್ತಾರೆ. ಇವರಿಗೆ..."

"ನಿಲ್ಲಿಸ್ಬೇಡ. ಓದೋಳು ಮಧ್ಯದಲ್ಲಿ ನಿಲ್ಲಿಸ್ಬಾರ್ದು," ಎಂದಳು ಅಜ್ಜಿ. ಅವಳ ಬೆರಳು ಒಂದು ಕಡ್ಡಿಯ ಮೇಲೆ, ಒಂದು ಕಡ್ಡಿಯ ಕೆಳಗೆ ಓಡುತ್ತಲೇ ಇತ್ತು.

"ಇವರಿಗೆ ಓದುಬರಹ ತಿಳಿಯದು. ಇವರು ಸದಾ ನಗುತ್ತಿರುತ್ತಾರೆ."

"ಸದಾ ನಗ್ತಾರಾ?" ಅಜ್ಜಿ ತಲೆಯೆತ್ತಿದಳು. "ಹಾಗಾದ್ರೆ ಫ್ಯಾನಿನ ಕೆಳಗಿನ ಜಾಗಕ್ಕೆ ಜಡೆ ಹಿಡ್ಕೊಂಡು ಜಗಳ ಆಡಿದ್ದು ಯಾರಮ್ಮಾ, ನಿಮ್ಮ ಟೀಚರ್ರಾ?"

ಇಡೀ ಕ್ಲಾಸು ಗೊಳ್ಳೆಂದಿತು. ಟೀಚರೂ ಬಾಯಿಗೆ ಕೈ ಅಡ್ಡ ಹಿಡಿದರು. ಗಿರಗಿಟ್ಲೆಯ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅವಳ ಅಜ್ಜಿ ಎಂದರೆ ಇದು!

ಅಷ್ಟರಲ್ಲಿ ನಾಲ್ಕರ ಸೀಟಿ ಕೇಳಿಸಿತು. ಹಸಿರು ಕೋಟಿನ ಸೂಪರ್‌ವೈಸರ್ ಬಂದ.

"ಅಜ್ಜಿ, ಟೈಮಾಯ್ತು. ಬಿಚ್ಚಿ."

ಅಜ್ಜಿಯ ಕೈ ನಿಂತಿತು. ನಗು ಎಲ್ಲಿಗೆ ಹೋಯಿತೋ.

"ಬಿಚ್ಚೋದಾ? ಯಾಕಜ್ಜಿ?"

"ಕೈ ಕೆಟ್ಟುಹೋಯ್ತು ಕಣೇ," ಎಂದಳು ಅಜ್ಜಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ. "ಐದು ದಿನದಿಂದ ದಿನಾ ಬಿಚ್ಚಿ ಅಂತಾನೆ. ಎಲ್ಲಿ ತಪ್ತಿದೀನಿ ಅಂತ ಈ ಕಣ್ಣಿಗೆ ಕಾಣೋದೂ ಇಲ್ಲ."

ಸೈಕಲ್ ಶಾಪಿನ ಮಹಡಿಯಲ್ಲಿ ಆ ಮಾತಿಗೆ ಒಂದೇ ಕಾರಣವಿತ್ತು. ಎಲ್ಲೋ ಒಂದು ಎಳೆ ತಪ್ಪಿರಬೇಕು. ಆಗ ಮಾತ್ರ ಒಬ್ಬಳು ಇನ್ನೊಬ್ಬಳಿಗೆ 'ಬಿಚ್ಚು' ಎನ್ನುತ್ತಿದ್ದಳು. ಹೇಳಿಸಿಕೊಂಡವಳು ಮರುಮಾತಾಡದೆ ಬಿಚ್ಚುತ್ತಿದ್ದಳು.

ಗಿರಗಿಟ್ಲೆಗೆ ಐದು ಸಂಜೆಗಳು ನೆನಪಾದವು. ಅಜ್ಜಿ ಊಟದ ಮುಂದೆ ಸುಮ್ಮನೆ ಕೂರುತ್ತಿದ್ದಳು. ಬೆರಳುಗಳನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಕೆಲಸ ಹೇಗಿದೆ ಎಂದು ಅಮ್ಮ ಕೇಳಿದರೆ "ವಯಸ್ಸಾಯ್ತು ಬಿಡು" ಎನ್ನುತ್ತಿದ್ದಳು.

ಗಿರಗಿಟ್ಲೆ ದಡಕ್ಕನೆ ಎದ್ದಳು. "ಸಾರ್, ಬುಟ್ಟೀಲಿ ಎಲ್ಲಿ ತಪ್ಪಿದೆ?"

"ತಪ್ಪಾ?" ಸೂಪರ್‌ವೈಸರ್ ನಕ್ಕ. "ಬುಟ್ಟಿ ಯಾರು ನೋಡ್ತಾರಮ್ಮಾ? ಇದು ಮುಗಿದುಹೋದ್ರೆ ನಾಳೆ ಬರೋರಿಗೆ ಏನು ತೋರ್ಸೋದು? ಅರ್ಧ ಆಗಿದ್ರೇನೇ ಫೋಟೋಗೆ ಚಂದ."

ಸ್ಪೀಕರಿನ ಡೋಲು ಡಬಡಬ ಬಡಿದುಕೊಳ್ಳುತ್ತಲೇ ಇತ್ತು.

ಅಜ್ಜಿ ಮೊಮ್ಮಗಳ ಕೈ ಹಿಡಿದು ಕೂರಿಸಿ ಬುಟ್ಟಿಯನ್ನು ಮಡಿಲಿಗೆ ಹಾಕಿದಳು. "ನಿನ್ನ ಕಣ್ಣು ಚುರುಕು. ಬುಡದಿಂದ ನೋಡ್ಕೊಂಡು ಬಾ. ನನ್ನ ಮುಖ ನೋಡಿ ಸುಳ್ಳು ಹೇಳ್ಬೇಡ."

ಗಿರಗಿಟ್ಲೆ ಬೆರಳಿಟ್ಟು ನೋಡತೊಡಗಿದಳು. ಮೇಲೊಂದು, ಕೆಳಗೊಂದು. ಮೇಲೊಂದು, ಕೆಳಗೊಂದು. ನಿಜಕ್ಕೂ ತಪ್ಪು ಸಿಕ್ಕಿಬಿಟ್ಟರೆ?

"ಹದಿನಾರು... ಹದಿನೇಳು..." ಎಂಬ ದನಿ ಕೇಳಿತು. ಲೀಡರ್! ಹಗ್ಗಕ್ಕೆ ಹೊಟ್ಟೆ ಆನಿಸಿ, ಕತ್ತು ಉದ್ದ ಮಾಡಿ ಸಾಲು ಎಣಿಸುತ್ತಿದ್ದ. ಇಪ್ಪತ್ತಕ್ಕೆ ಇನ್ನಿಬ್ಬರು ಸೇರಿಕೊಂಡರು. ಮೂವತ್ತಕ್ಕೆ ಇಡೀ ಕ್ಲಾಸು. ಟೀಚರ್ ವಾಚು ನೋಡುವುದನ್ನೇ ಬಿಟ್ಟಿದ್ದರು.

"ಮೂವತ್ತಾರು!"

"ಒಂದೂ ತಪ್ಪಿಲ್ಲ ಅಜ್ಜಿ," ಎಂದಳು ಗಿರಗಿಟ್ಲೆ. "ಆಣೆಗೂ ಇಲ್ಲ."

ಕಣ್ಣಿಲ್ಲದೆ, ಬರೀ ಬೆರಳಿನಲ್ಲಿ, ಮೂವತ್ತಾರು ಸಾಲು. ನಿನ್ನೆಯದೂ ಹೀಗೇ ಇದ್ದಿರಬೇಕು ಎಂದು ಅವಳಿಗೆ ಹೊಳೆಯಿತು. ಮೊನ್ನೆಯದೂ. ಬಿಚ್ಚಿಹೋದ ಆ ಐದೂ.

ಅಜ್ಜಿ ಕೈ ಚಾಚಿ ಬುಟ್ಟಿಯನ್ನು ವಾಪಸ್ ತೆಗೆದುಕೊಂಡಳು. ತಲೆಯ ಮೇಲಿನ ಪುಕ್ಕ ಕಿತ್ತು ಪಕ್ಕಕ್ಕಿಟ್ಟಳು. ಒಂದೊಂದೇ ಮಣಿಸರ ಬಿಚ್ಚಿ ಅದರ ಮೇಲೆ ಪೇರಿಸಿದಳು.

"ಅಜ್ಜಿ, ನಾನು ಬಿಚ್ಚಿ ಅಂದಿದ್ದು ಬುಟ್ಟೀನ," ಎಂದ ಸೂಪರ್‌ವೈಸರ್. ಅವನ ದನಿ ಗಡುಸಾಗಿತ್ತು. "ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ."

"ಇಲ್ಲಪ್ಪ," ಎಂದಳು ಅಜ್ಜಿ. "ತಪ್ಪಿಲ್ಲದ್ದನ್ನ ಬಿಚ್ಚಲ್ಲ. ಹೋಗಿ ನನ್ನ ಕನ್ನಡಕ ತಗೊಂಡ್ಬಾ. ಇದಕ್ಕೆ ಅಂಚು ಕಟ್ಟೋದಿದೆ."