ದಸ್ತಗೀರಣ್ಣನ ನೆರಳುಮತ

"ಬ್ಯಾಡ," ಎಂದಿತು ದಸ್ತಗೀರ ನದಾಫನ ದನಿ. "ಒಂದ ದನಿ ಸಾಕು. ಮನಿ ಸಣ್ಣದೈತಿ, ನಾಕು ಒಲಿ ಹೂಡಬ್ಯಾಡ್ರಿ."

ಹುಬ್ಬಳ್ಳಿಯ ವಾಚನಾಲಯದ ಮಾಳಿಗೆಯಲ್ಲಿ ಕೂತಿದ್ದ ಯಾರೂ ಬೆಚ್ಚಲಿಲ್ಲ. ದಸ್ತಗೀರಣ್ಣ ತೀರಿಕೊಂಡು ವರ್ಷಗಳೇ ಆಗಿದ್ದವು. ಮಾತಾಡಿದ್ದು ಮೇಜಿನ ಮೇಲಿದ್ದ, ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ. ಒಬ್ಬ ಸದಸ್ಯ ಜೀವಮಾನವೆಲ್ಲ ಬರೆದ ಪತ್ರ, ಹೂಡಿದ ವಾದ, ಹಾಕಿದ ಮತಗಳನ್ನು ಅರೆದು ಕುಡಿದು, ಹೊಸ ಪ್ರಶ್ನೆ ಬಂದಾಗ ಆತ ಏನನ್ನುತ್ತಿದ್ದನೋ ಅದನ್ನು ಆತನ ದನಿಯಲ್ಲೇ ಹೇಳಿ ಮತ ಹಾಕುವುದು ಅದರ ಕೆಲಸ. ಎಲ್ಲರೂ ಅದನ್ನು ನೆರಳುಮತ ಎನ್ನುತ್ತಿದ್ದರು. ಅದನ್ನು ಕಟ್ಟಿದ ವಿಜ್ಞಾನಿ ನೀಲಾಂಬಿಕಾ ಸಂಬರಗಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಆ "ಬ್ಯಾಡ" ಕೇಳಿದೊಡನೆ ಎಂದಿನಂತೆ ಅವರ ಕಣ್ಣು ತುಂಬಿತು. ವರ್ಷಕ್ಕೊಮ್ಮೆ ಆ ದನಿ ಕೇಳಲೆಂದೇ ಅವರು ಸಭೆಗೆ ಬರುತ್ತಿದ್ದರು ಅಂದರೂ ತಪ್ಪಿಲ್ಲ.

ಸಭೆ 'ಓದುಗೆಳೆಯ' ಬಳಗದ್ದು. ಕಣ್ಣು ಕಾಣದವರಿಗೆ ಪುಸ್ತಕ, ಪತ್ರಿಕೆ, ಬಸ್ಸಿನ ಬೋರ್ಡು ಎಲ್ಲವನ್ನೂ ಓದಿ ಹೇಳುವ ತಂತ್ರಾಂಶ ಅದು. ಹತ್ತೂರಿನ ಜನ ಸಂಬಳ ಕೇಳದೆ ಸೇರಿ ಕಟ್ಟಿದ್ದು. ಮುಕ್ತ ತಂತ್ರಾಂಶಕ್ಕೆ ಬೀಗವಿಲ್ಲ. ಅದರ ಒಳಬರಹವನ್ನು ಯಾರೂ ನೋಡಬಹುದು, ತಿದ್ದಬಹುದು. ಒಡೆಯನೇ ಇಲ್ಲದ ಮೇಲೆ ಎಲ್ಲದಕ್ಕೂ ಮತ ಬೇಕಲ್ಲ. ದೊಡ್ಡ ಬದಲಾವಣೆಗೆ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಒಪ್ಪಿಗೆ ಸಿಗದವರು ಮುನಿದರೆ ಒಂದು ಪ್ರತಿ ಎತ್ತಿಕೊಂಡು ಬೇರೆ ಬಿಡಾರ ಹೂಡಬಹುದು. ಬಳಗದವರು ಅದಕ್ಕೆ 'ಪಾಲಾಗುವುದು' ಎನ್ನುತ್ತಿದ್ದರು.

ಇವತ್ತು ಆ ಭಯವೇ ಮಾಳಿಗೆಯ ತುಂಬ ಇತ್ತು. ಸಿಂಧನೂರಿನ ಇಂಚರಾ ಬಡಿಗೇರ ಹುಟ್ಟಾ ಕುರುಡಿ, ಕುರುಡು ಮಕ್ಕಳ ಶಾಲೆಯ ಶಿಕ್ಷಕಿ. ತಂತ್ರಾಂಶ ಆಯಾ ಸೀಮೆಯ ಆಡುಮಾತಿನ ದನಿಯಲ್ಲೂ ಓದಲಿ ಎಂಬುದು ಅವಳ ಬೇಡಿಕೆ. ಹಿಂದಿನೆರಡು ಸಭೆಗಳಲ್ಲಿ ಕೂದಲೆಳೆಯಲ್ಲಿ ಸೋತಿದ್ದಳು. ಈ ಸಲವೂ ಸೋತರೆ ಎಳೆಯರೆಲ್ಲ ಪಾಲಾಗಿ ಹೋಗುತ್ತೇವೆಂದು ಮೊದಲೇ ಹೇಳಿಬಿಟ್ಟಿದ್ದಳು. ಮೊದಲೇ ಬೆರಳೆಣಿಕೆಯ ಜನ. ಒಡೆದರೆ ಎರಡು ಕಡೆಯೂ ದೀಪ ಆರುವುದು ಖಂಡಿತ.

ನೀಲಾಂಬಿಕಾ ಅವರಿಗೆ ಹಳೆಯ ದಿನಗಳು ನೆನಪಾದವು. ಇದೇ ಮಾಳಿಗೆ, ಇದೇ ಕಿರುಗುಟ್ಟುವ ಬೆಂಚು, ಕೆಳಗಿನ ಅಂಗಡಿಯಿಂದ ಕಾಗದದಲ್ಲಿ ಬರುತ್ತಿದ್ದ ಮಂಡಕ್ಕಿಯ ಗಿರ್ಮಿಟ್. ಆಗ ದಸ್ತಗೀರಣ್ಣನದೇ ಒಂದು ಕಟ್ಟಳೆ ಇತ್ತು, ಮರುನುಡಿ ಅಂತ. ಒಬ್ಬರ ಮಾತಿಗೆ ವಿರುದ್ಧ ಮತ ಹಾಕುವವರು ಮೊದಲು ಎದ್ದು ನಿಂತು ಆ ಮಾತನ್ನು ತಮ್ಮ ಬಾಯಿಂದ ಹೇಳಬೇಕು. "ಹೌದು, ಇದ ನನ್ನ ಮಾತು" ಎಂದು ಆ ಮಾತನ್ನು ಮೊದಲು ಆಡಿದವರು ಒಪ್ಪುವವರೆಗೂ ಬಿಡುವಂತಿಲ್ಲ. ಎಂಥ ಪೀಕಲಾಟ ಅದು! ಗಿರ್ಮಿಟ್ ಮೆತ್ತಗಾಗುತ್ತಿತ್ತು, ಚಹಾ ಆರುತ್ತಿತ್ತು, ಸಭೆ ಮುಗಿಯುತ್ತಿರಲಿಲ್ಲ. ಒಮ್ಮೆ ನೀಲಾಂಬಿಕಾ ಅವರದೇ ಸಲಹೆಯ ಮೇಲೆ ಹರಿಹಾಯ್ದ ದಸ್ತಗೀರಣ್ಣ, ಮರುನುಡಿ ಹೇಳುತ್ತ ಹೇಳುತ್ತ ನಡುವೆ ನಿಂತುಬಿಟ್ಟಿದ್ದ. ಗಡ್ಡ ಕೆರೆದುಕೊಂಡು, "ಏ, ಇದು ಖರೇ ಐತಲ್ಲ" ಎಂದು ಇವರ ಕಡೆಗೇ ಮತ ಹಾಕಿದ್ದ. ಆಗ ಎಷ್ಟು ನಕ್ಕಿದ್ದರು ಎಲ್ಲರೂ!

ಬರಬರುತ್ತ ಜನ ಬರುವುದು ಕಡಿಮೆಯಾಯಿತು, ಕೋರಂ ಇಲ್ಲದೆ ಸಭೆಗಳು ಬರಖಾಸ್ತಾದವು. ಆಗ ಬಾರದವರ ಪರವಾಗಿ ಇರಲಿ ಎಂದು ನೀಲಾಂಬಿಕಾ ನೆರಳುಮತ ಕಟ್ಟಿದರು. ಬಳಗಕ್ಕೆ ಜೀವ ಬಂತು; ಮರುನುಡಿ ಮಾತ್ರ ಮರೆಯಾಯಿತು, ಸಭೆಗೆ ಬರುವವರೂ ಮನೆಯಲ್ಲೇ ಫೋನಿನಲ್ಲಿ ಮತ ಒತ್ತಿ ಬರತೊಡಗಿದರು. ಆದರೆ ಕಟ್ಟಳೆಗಳಲ್ಲಿ ಸದಸ್ಯತ್ವ ಬಿಡಲು ರಾಜೀನಾಮೆಯೊಂದೇ ದಾರಿ ಎಂದಿತ್ತು. ಸಾವಿನ ಮಾತನ್ನು ಬರೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಹಾಗಾಗಿ ತೀರಿಕೊಂಡವರೂ ತಪ್ಪದೆ ಮತ ಹಾಕುತ್ತಿದ್ದರು.

ಮತ ಎಣಿಸುವ ಮೊದಲು ಇಂಚರಾ ಎದ್ದಳು. ಕೋಪವಿರಲಿಲ್ಲ, ದಣಿವಿತ್ತು. "ಅಕ್ಕಾರ, ದಸ್ತಗೀರಣ್ಣಾರು ನನ್ನ ಮಾತು ಕೇಳ್ಯಾರೇನು?" ಎಂದಳು.

ನೀಲಾಂಬಿಕಾ ಯಂತ್ರಕ್ಕೆ ಮರುನುಡಿ ಹೇಳಲು ಹೇಳಿದರು. ಅದು ಇಂಚರಾಳ ವಾದವನ್ನು ಒಂದಕ್ಷರ ತಪ್ಪದೆ ಗಡಗಡ ಒಪ್ಪಿಸಿತು. ಉಸಿರು ಕೂಡ ತೆಗೆದುಕೊಳ್ಳದೆ, "ಬ್ಯಾಡ" ಎಂದಿತು.

ನೀಲಾಂಬಿಕಾ ಅವರಿಗೆ ಆಗ ಹೊಳೆಯಿತು. ಯಂತ್ರಕ್ಕೆ ಪಾಠ ಹೇಳುವಾಗ ಹಳೆಯ ಮರುನುಡಿಗಳನ್ನೆಲ್ಲ ಅವರೇ ಆಯ್ದು ತೆಗೆದಿದ್ದರು. ಅವು ಇನ್ನೊಬ್ಬರ ಅಭಿಪ್ರಾಯ, ಹೇಳುವವನದಲ್ಲ; ಸೇರಿಸಿದರೆ ಲೆಕ್ಕ ಕೆಡುತ್ತದೆ ಎಂಬ ತರ್ಕ. ತರ್ಕವೇನೋ ಸರಿಯೇ ಇತ್ತು. ಆದರೆ ದಸ್ತಗೀರಣ್ಣನ ಹಟವೆಲ್ಲ ಯಂತ್ರದೊಳಗೆ ಹೋಗಿ, ಅವನು ಗಡ್ಡ ಕೆರೆದುಕೊಂಡ ಆ ಗಳಿಗೆ ಹೊರಗೇ ಉಳಿದಿತ್ತು. ಇಷ್ಟು ವರ್ಷ ಯಾರ ದನಿಗೆ ಕಣ್ಣು ತುಂಬಿಕೊಂಡೆ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

ನೆರಳನ್ನು ಹಿಂದೆಗೆಯುವ ಹಕ್ಕು ದಸ್ತಗೀರಣ್ಣ ಬದುಕಿದ್ದಾಗಲೇ ಇವರಿಗೆ ಬರೆದುಕೊಟ್ಟಿದ್ದ. ಎದ್ದು ಮೇಜಿನ ಹತ್ತಿರ ಹೋದರು. ಇನ್ನು ಆ ದನಿ ಕೇಳುವುದಿಲ್ಲ ಎಂದು ಗೊತ್ತಿತ್ತು. ಗುಂಡಿ ಒತ್ತಿದರು. ಅವರನ್ನು ನೋಡಿ, ಬೇರೆ ನೆರಳುಗಳನ್ನು ನೋಡಿಕೊಳ್ಳುತ್ತಿದ್ದವರೂ ಒಬ್ಬೊಬ್ಬರಾಗಿ ಎದ್ದು ಬಂದು ಅವುಗಳನ್ನೂ ಹಿಂದೆಗೆದರು.

ಆದರೆ ನೀಲಾಂಬಿಕಾ ಅವರ ಸ್ವಂತ ಮತವೂ "ಬ್ಯಾಡ" ಎಂದೇ ಇತ್ತು. ಮನೆ ಬಿಡುವ ಮೊದಲೇ ಫೋನಿನಲ್ಲಿ ಒತ್ತಿ ಬಂದಿದ್ದರು. "ನಿಮ್ಮ ಮತ ಏನ್ರಿ ಅಕ್ಕಾರ?" ಎಂದು ಇಂಚರಾ ಕೇಳಿದಳು.

"ಈಗ ಹೇಳಂಗಿಲ್ಲವಾ. ಮೊದಲ ನಿನ್ನ ಮಾತು ನನ್ನ ಬಾಯಾಗ ಬರಲಿ."

ಪುಸ್ತಕದ ಕನ್ನಡ ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂಬುದು ನಿನ್ನ ವಾದ ಎಂದರು. ಇಂಚರಾ ತಲೆಯಲ್ಲಾಡಿಸಿದಳು; ಅರ್ಥ ಚೆನ್ನಾಗಿಯೇ ಆಗುತ್ತದೆ ಎಂದಳು. ಹಾಗಾದರೆ ಕೇಳಲು ಬೇಸರವೇ? ಅದೂ ಅಲ್ಲ. ನೀಲಾಂಬಿಕಾ ಬೆವರು ಒರೆಸಿಕೊಂಡು, ಅವಳು ಸಭೆಯಲ್ಲಿ ಹೇಳಿದ್ದನ್ನು ಮತ್ತೆ ನೆನಪಿಸಿಕೊಂಡರು. ಒಂದನೇ ತರಗತಿಯ ಹುಡುಗಿಯೊಂದು ಯಂತ್ರದ ದನಿ ಕೇಳಿ, ಈಕಿ ಯಾರ ಮನಿಯಾಕಿ ಎಂದು ಕೇಳಿತ್ತಂತೆ.

"ಆ ಹುಡುಗಿ ಪರರ ಮನ್ಯಾಗ ಕೂತಂಗ ಕೂತು ಕೇಳ್ತದ," ಎಂದು ನಿಧಾನವಾಗಿ ಶುರುಮಾಡಿದರು. "ಒಂದ ಮಾತು ತಿಳೀಲಿಲ್ಲಂದ್ರೂ ಇನ್ನೊಮ್ಮೆ ಹೇಳು ಅನ್ನಂಗಿಲ್ಲ. ಸಲಿಗಿ ಇಲ್ಲ. ಸಲಿಗಿ ಇಲ್ಲದಲ್ಲೆ ಪ್ರಶ್ನೆ ಹುಟ್ಟಂಗಿಲ್ಲ, ಪ್ರಶ್ನೆ ಇಲ್ಲದ ಓದು..."

ಅಲ್ಲಿಗೆ ಮಾತು ನಿಂತಿತು. ಅವರಿಗೆ ಗೊತ್ತಿಲ್ಲದೆಯೇ ಕೈ ಗಲ್ಲಕ್ಕೆ ಹೋಗಿತ್ತು.

"ಏ, ಇದು ಖರೇ ಐತಲ್ಲ," ಎಂದರು.

ಮಾಳಿಗೆಯಲ್ಲಿದ್ದ ಹಳಬರು ಆ ಮಾತನ್ನು ಗುರುತಿಸಿದರು. ಯಾರೋ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ಆಮೇಲೆ, ಬದುಕಿದ್ದವರೆಲ್ಲ ತಮ್ಮ ತಮ್ಮ ಫೋನು ತೆಗೆದು, ಮನೆಯಲ್ಲೇ ಒತ್ತಿ ತಂದಿದ್ದ ಮತಗಳನ್ನು ಅಳಿಸತೊಡಗಿದರು.