ಅಜ್ಜಿ ಕೇಳಿದ ಬೆಲ್ಲ

"ಒಸಿ ದೊಡ್ಡ ಚೂರು ತಕ್ಕೊಂಬಾ ಮಗ. ನೆನ್ನೆ ತಂದಿದ್ದು ನಾಲ್ಗೆಗೇ ಸಾಲ್ನಿಲ್ಲ!"

ನಡುಮನೆಯಿಂದ ಅಜ್ಜಿಯ ದನಿ ಕೇಳಿ ರೋಜಾ ಸ್ಟೂಲಿನ ಮೇಲೆ ನಿಂತಲ್ಲೇ ನಕ್ಕಳು. ಬೆಲ್ಲದ ಡಬ್ಬ ಅಡಿಗೆಮನೆಯ ಮೇಲಿನ ಶೆಲ್ಫಿನಲ್ಲಿತ್ತು. ಅಜ್ಜಿಗೆ ಎಟುಕಬಾರದೆಂದು ಅಮ್ಮ ಬೇಕಂತಲೇ ಅಷ್ಟು ಎತ್ತರಕ್ಕೆ ಇಟ್ಟಿದ್ದಳು. ರೋಜಾ ತುದಿಗಾಲಲ್ಲಿ ನಿಂತು ಡಬ್ಬ ಇಳಿಸಿ, ಅಚ್ಚುಬೆಲ್ಲದ ಒಂದು ಮೂಲೆಯನ್ನು ಕುಟ್ಟಿ ಮುರಿದಳು.

"ಅಜ್ಜಿ, ಇದೇ ಲಾಸ್ಟು. ನಾಳೆ ಕೇಳಬಾರದು. ಪ್ರಾಮಿಸ್?"

"ಆಯ್ತು ಕಣವ್ವ, ಪ್ರಾಮಿಸ್ಸು. ನಿಮ್ಮವ್ವಂಗೆ ಏಳಬ್ಯಾಡ."

ಅಜ್ಜಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಹಲ್ಲಿಲ್ಲದ ಬಾಯಿ ಮೆಲ್ಲಗೆ ಆಡತೊಡಗಿತು. ಸುಕ್ಕುಗಟ್ಟಿದ ಮುಖ ಆಗತಾನೇ ಹಾಲು ಕುಡಿದ ಪಾಪುವಿನ ಮುಖದಂತಾಯಿತು. ಆ ಮುಖ ನೋಡುವುದೆಂದರೆ ರೋಜಾಗೆ ಬಲು ಇಷ್ಟ.

ತಿ. ನರಸೀಪುರದ ಚರ್ಚಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಅಪ್ಪ ನಂಜನಗೂಡಿನ ಫ್ಯಾಕ್ಟರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಟೈಲರ್ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಐದನೇ ಕ್ಲಾಸಿನ ರೋಜಾ ಸ್ಕೂಲು ಮುಗಿಸಿ ಬಂದರೆ ಸಂಜೆಯವರೆಗೂ ಮನೆಯಲ್ಲಿ ಅವಳು ಮತ್ತು ಅಜ್ಜಿ, ಇಬ್ಬರೇ.

ಅಜ್ಜಿಗೆ ಸಕ್ಕರೆ ಕಾಯಿಲೆ. ಅಮ್ಮ ಸಣ್ಣ ಮುದ್ದೆ, ಸೊಪ್ಪಿನ ಸಾರು, ಸಕ್ಕರೆ ಹಾಕದ ಟೀ ಕೊಡುತ್ತಿದ್ದಳು. "ಅಜ್ಜಿ ಎಷ್ಟು ಗೋಗರೆದ್ರೂ ಸಿಹಿ ಕೊಡಬೇಡ ಕಣೇ" ಎಂದು ರೋಜಾಗೆ ಹೇಳಿಯೂ ಇದ್ದಳು.

ಆದರೆ ರೋಜಾಗೆ ಸೀತಾಳೆ ಸಿಡುಬು ಎದ್ದು ಮೈಯೆಲ್ಲ ಉರಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಬೇವಿನಸೊಪ್ಪಿನಿಂದ ಸವರುತ್ತಿದ್ದವಳು ಇದೇ ಅಜ್ಜಿ. ಅವಳು ಕೈಚಾಚಿ ಕೇಳಿದರೆ ಇಲ್ಲ ಅನ್ನುವುದು ಹೇಗೆ? ಇಷ್ಟೇ ಇಷ್ಟು ಬೆಲ್ಲಕ್ಕೆ ಏನಾಗುತ್ತದೆ? ಹಾಗಂದುಕೊಂಡು ರೋಜಾ ದಿನಾ ಸ್ಟೂಲು ಹತ್ತುತ್ತಿದ್ದಳು.

ಮಳೆಗಾಲ ಮುಗಿಯುವಾಗ ಅಜ್ಜಿಯ ಎಡಗಾಲಿನ ಕಿರುಬೆರಳಿಗೆ ಚಪ್ಪಲಿ ಉಜ್ಜಿ ಚಿಕ್ಕ ಗಾಯವಾಯಿತು. ಅಮ್ಮ ದಿನವೂ ತೊಳೆದು ಮುಲಾಮು ಹಚ್ಚಿ ಬಟ್ಟೆ ಕಟ್ಟಿದಳು. ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು. ಆಮೇಲೆ ಪಾದವೂ ಊದಿಕೊಂಡು ವಾಸನೆ ಬರತೊಡಗಿತು. ಅಪ್ಪ ರಜೆ ಹಾಕಿ, ಬಾಡಿಗೆ ಕಾರು ಮಾಡಿಕೊಂಡು ಎಲ್ಲರನ್ನೂ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ರಕ್ತದ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು. "ಶುಗರ್ ಹೀಗೆ ಏರಿದ್ರೆ ಗಾಯ ಹೇಗಜ್ಜಿ ವಾಸಿಯಾಗತ್ತೆ? ಏನು ತಿಂತಾ ಇದ್ರಿ?"

ಮಂಚದ ಪಕ್ಕ ನಿಂತಿದ್ದ ರೋಜಾ ತಲೆ ತಗ್ಗಿಸಿದಳು.

"ಬೆಲ್ಲ ತಿಂದೆ ಸಾ" ಎಂದಳು ಅಜ್ಜಿ. "ನಾನೇ ಕದ್ದು ತಿಂದೆ. ಮನೇಲಿ ಯಾರ್ದೂ ತಪ್ಪಿಲ್ಲ."

"ಅಷ್ಟು ಎತ್ತರದಲ್ಲಿ ಇಟ್ಟಿದ್ನಲ್ಲ ಅತ್ತೆ, ನೀವು ಹೆಂಗೆ..." ಎಂದ ಅಮ್ಮ ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ನಿಧಾನವಾಗಿ ರೋಜಾಳ ಕಡೆ ತಿರುಗಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿಬಿಟ್ಟಳು. ಎರಡು ಏಟು ಕೊಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸಿತು ರೋಜಾಗೆ.

ಅಜ್ಜಿಯ ಪಾದವನ್ನು ತೆಗೆಯಬೇಕಾಯಿತು.

ಆ ವರ್ಷ ಕ್ರಿಸ್‌ಮಸ್‌ಗೆ ಅವರ ಮನೆ ಮುಂದೆ ನಕ್ಷತ್ರ ಕಟ್ಟಲಿಲ್ಲ. ಅಮ್ಮ ಆಸ್ಪತ್ರೆಯಲ್ಲೇ ಇದ್ದಳು. ಅಪ್ಪ ಮಾಡಿದ ಅನ್ನ ತಳ ಹಿಡಿದಿತ್ತು. ಅಪ್ಪ, ಮಗಳು ಇಬ್ಬರೂ ಅದನ್ನೇ ಉಂಡರು.

ಹೊಸ ವರ್ಷದ ಮೊದಲ ಭಾನುವಾರ ಸಂಡೇ ಸ್ಕೂಲಿನಲ್ಲಿ ಸುಗುಣಾ ಟೀಚರ್ ಒಂದು ಚಿತ್ರ ತೋರಿಸಿದರು. ಯೇಸುಸ್ವಾಮಿ ಅಡವಿಯಲ್ಲಿ ಉಪವಾಸ ಇದ್ದಾರೆ. ಎದುರಿಗೆ ಸೈತಾನ. ಅವನಿಗೆ ಕೊಂಬು, ಬಾಲ, ಕೆಂಪು ಕಣ್ಣು. ಈ ಕಲ್ಲನ್ನು ರೊಟ್ಟಿ ಮಾಡಿಕೊಂಡು ತಿನ್ನು ಎಂದು ಅವನು ಹೇಳುತ್ತಿದ್ದಾನೆ.

"ಹೀಗೆ ಆಸೆ ತೋರಿಸಿ ತಪ್ಪು ದಾರಿಗೆ ಎಳೆಯೋದಕ್ಕೇ ಮಕ್ಕಳೇ, ಶೋಧನೆ ಅನ್ನೋದು" ಎಂದರು ಟೀಚರ್.

ಕ್ಲಾಸು ಮುಗಿದು ಎಲ್ಲರೂ ಓಡಿದರು. ರೋಜಾ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ.

"ಟೀಚರ್, ಹಸಿವಾದಾಗ ರೊಟ್ಟಿ ತಿನ್ನೋದು ತಪ್ಪಾ?"

"ತಪ್ಪಲ್ಲಮ್ಮ."

"ಮತ್ತೆ ಯೇಸುಸ್ವಾಮಿ ಯಾಕೆ ತಿನ್ನಲಿಲ್ಲ?"

ಟೀಚರ್ ಬಂದು ಅವಳ ಪಕ್ಕದಲ್ಲಿ ಕೂತರು. ಅಜ್ಜಿಯ ಕಾಲಿನ ವಿಷಯ ಅವರಿಗೆ ಗೊತ್ತಿತ್ತು. ಬೆಲ್ಲದ ವಿಷಯ ಗೊತ್ತಿರಲಿಲ್ಲ.

"ನೋಡು ರೋಜಾ, ಚಿತ್ರ ಬರೆಯೋರು ಸೈತಾನನಿಗೆ ಕೊಂಬು ಬರೀತಾರೆ. ಕೊಂಬು ಇಟ್ಕೊಂಡು ಬಂದ್ರೆ ನಾವು ಹೆದರಿ ಓಡಿಬಿಡ್ತೀವಿ, ಅಲ್ವಾ? ನಿಜವಾಗಿ ಬರೋವಾಗ ಅದು ಒಳ್ಳೇದರ ಥರಾನೇ ಬರತ್ತೆ. ಯೇಸುಸ್ವಾಮಿಗೂ ಮೊದಲು ಕಾಣಿಸಿದ್ದು ರೊಟ್ಟಿ ತಾನೇ?"

"ನಾವು ಸೋತುಬಿಟ್ರೆ?"

"ಸೋತವರು ಬಂದು ಅತ್ತರೆ ಯೇಸುಸ್ವಾಮಿ ದೂರ ತಳ್ಳಲ್ಲಮ್ಮ. ಅವರಿಗೂ ಹಸಿವಾಗಿತ್ತಲ್ಲ."

ರೋಜಾ ಅಲ್ಲೇ ಅತ್ತಳು. ಟೀಚರ್ ಯಾಕೆಂದು ಕೇಳಲಿಲ್ಲ. ಸುಮ್ಮನೆ ಅವಳ ಬೆನ್ನು ಸವರಿದರು.

ಆ ಸಂಜೆಯೇ, ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಬಂದಿದ್ದ ಅಮ್ಮನಿಗೆ ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. ಆಮೇಲೆ, "ಗೊತ್ತು ಕಣೇ" ಎಂದು ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅಜ್ಜಿ ಮನೆಗೆ ಬಂದದ್ದು ಸಂಕ್ರಾಂತಿಗೆ ಸ್ವಲ್ಪ ಮುಂಚೆ. ಎಡಗಾಲಿನ ತುದಿಯಲ್ಲಿ ಬಿಳಿ ಬ್ಯಾಂಡೇಜು ಸುತ್ತಿತ್ತು. ಅದರ ಕೆಳಗೆ ಹಾಸಿಗೆ ಖಾಲಿ. ರೋಜಾ ಆ ಕಡೆ ನೋಡದೆ ಅಜ್ಜಿಯ ಮುಖವನ್ನಷ್ಟೇ ನೋಡುತ್ತಿದ್ದಳು.

ಹಬ್ಬದ ದಿನ ಅಮ್ಮ ಔಷಧಿ ತರಲು ಹೋಗಿದ್ದಳು. ಪಕ್ಕದ ಮನೆಯ ಚೈತ್ರ ರೇಷ್ಮೆ ಲಂಗ ಸರಬರ ಮಾಡಿಕೊಂಡು ಬಂದು, "ರೋಜಾ, ಎಳ್ಳು ಬೆಲ್ಲ ತಗೊಳೇ!" ಎಂದು ಒಂದು ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಕೊಟ್ಟು ಮುಂದಿನ ಮನೆಗೆ ಓಡಿದಳು.

"ಏನವ್ವ ಅದು?" ಅಜ್ಜಿ ಮಂಚದಿಂದಲೇ ಕತ್ತೆತ್ತಿದಳು. "ಎಳ್ಳಾ? ಒಂದ್ ಚಿಟಿಕೆ ಕೊಡು ಮಗ."

"ಬೇಡ ಅಜ್ಜಿ."

"ಕಾಲೇ ಓಯ್ತು. ಇನ್ನೇನ್ ಓಗದು? ಒಂದೇ ಚಿಟಿಕೆ. ನಾನು ಇನ್ನೆಷ್ಟು ದಿನ ಇದ್ದೇನು?"

ರೋಜಾಳ ಬೆರಳುಗಳು ತಾವಾಗಿಯೇ ಪೊಟ್ಟಣ ಬಿಚ್ಚಿದವು. ಬೆಲ್ಲದ ಪುಟ್ಟ ಚೂರುಗಳು, ಕೊಬ್ಬರಿ, ಹುರಿಗಡಲೆ. ಒಂದು ಚಿಟಿಕೆ ಎತ್ತಿಕೊಂಡಳು. ಅಜ್ಜಿಯ ಮುಖ ಅರಳುತ್ತದೆ. ಕಣ್ಣು ಮುಚ್ಚಿ ಚಪ್ಪರಿಸುತ್ತಾಳೆ. ಅಷ್ಟೇ ತಾನೇ? ಇವತ್ತು ಹಬ್ಬ ಬೇರೆ.

ಮೊದಲೂ ಹೀಗೆಯೇ ಅನ್ನಿಸಿತ್ತು.

ಅವಳು ಚಿಟಿಕೆಯನ್ನು ಪೊಟ್ಟಣಕ್ಕೆ ಸುರಿದಳು. ಮನೆಯಲ್ಲಿಟ್ಟರೆ ತಾನು ಕೊಟ್ಟೇಬಿಡುತ್ತೇನೆ ಎಂದು ಅವಳಿಗೆ ಗೊತ್ತಾಗಿತ್ತು. ಎಲ್ಲವನ್ನೂ ಬಾಚಿಕೊಂಡು ಪಕ್ಕದ ಮನೆಗೆ, ಚೈತ್ರಳ ಅಮ್ಮನ ಹತ್ತಿರ ಓಡಿದಳು.

"ಆಂಟಿ, ಅಮ್ಮ ಬರೋವರೆಗೂ ಇದು ನಿಮ್ಮನೇಲೇ ಇರಲಿ. ಪ್ಲೀಸ್ ಆಂಟಿ."

ಅವಳು ಓಡುವಾಗ ಹಿಂದಿನಿಂದ ಅಜ್ಜಿ ಕೂಗುತ್ತಿದ್ದಳು. "ಓಗು, ಓಗು! ಇದಕ್ಕೇನಾ ನಿನ್ನ ಎತ್ತಿ ಆಡ್ಸಿದ್ದು? ನೀ ನನ್ನ ಮೊಮ್ಮಗಳೇ ಅಲ್ಲ!"

ವಾಪಸು ಬಂದಾಗ ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿದ್ದಳು.

"ಅಜ್ಜಿ."

ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಹೊರಗೆ ಮಕ್ಕಳು ಕಬ್ಬು ಜಗಿಯುತ್ತಾ ಗಲಾಟೆ ಮಾಡುತ್ತಿದ್ದರು. ರೋಜಾ ನೆಲದ ಮೇಲೆ ಕೂತು ಮಂಚಕ್ಕೆ ಒರಗಿದಳು. ಗೆದ್ದ ಹಾಗೆ ಏನೂ ಅನ್ನಿಸಲಿಲ್ಲ. ಪ್ರಾರ್ಥನೆ ಮಾಡೋಣವೆಂದರೆ "ಯೇಸಪ್ಪಾ" ಎನ್ನುವುದು ಬಿಟ್ಟು ಇನ್ನೊಂದು ಮಾತು ಬರಲಿಲ್ಲ.

ತುಂಬ ಹೊತ್ತಾದ ಮೇಲೆ ಒಣಗಿದ ಕೈಯೊಂದು ಅವಳ ತಲೆಯ ಮೇಲೆ ಬಂತು.

"ರೋಜಾ."

"ಊಂ."

"ನಾ ಇನ್ನೂ ಕೇಳ್ತೀನಿ ಕಣ್ ಮಗ. ನಾಳೆನೂ ಕೇಳ್ತೀನಿ. ಬೈದ್ರೂ ಬೈತೀನಿ." ಅಜ್ಜಿಯ ದನಿ ಒಡೆಯಿತು. "ನೀ ಮಾತ್ರ ಕೊಡಬ್ಯಾಡ."

ರೋಜಾ ತಿರುಗಿ ನೋಡಿದಳು. ಎಂದೂ ಯಾವುದಕ್ಕೂ ಹೆದರದ ಅಜ್ಜಿಯ ಕಣ್ಣಲ್ಲಿ ಹೆದರಿಕೆ ಇತ್ತು. ಇಷ್ಟು ದಿನವೂ ಅದು ಅಲ್ಲಿ ಇತ್ತೇನೋ. ತಾನು ನೋಡಿರಲಿಲ್ಲ, ಅಷ್ಟೇ.

ಅವಳು ಮಂಚ ಹತ್ತಿ, ಬ್ಯಾಂಡೇಜು ಸುತ್ತಿದ ಕಾಲಿಗೆ ತಾಗದಂತೆ ಜೋಪಾನವಾಗಿ ಅಜ್ಜಿಯನ್ನು ಅಪ್ಪಿಕೊಂಡು ಮಲಗಿದಳು.